ಸಾಂಕ್ರಾಮಿಕ ಕಾಲದಲ್ಲಿ ಮಾನಸಿಕ ಆಘಾತಕ್ಕೆ ಎಕ್ಸ್‌ಪೋಷರ್ ಚಿಕಿತ್ಸೆ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

2020ರ ಮಾರ್ಚ್ 25ರಿಂದ ದೇಶದಾದ್ಯಂತ ಜಾರಿಗೆ ಬಂದ ಲಾಕ್‌ಡೌನ್ ಹಾಗೂ 2021ರ ಕೋವಿಡ್-19 ಎರಡನೆಯ ಅಲೆಯ ಅವಧಿಯಲ್ಲಿ ಬಸ್ಸುಗಳು ನಿಂತವು, ಹೊರರೋಗಿ ವಿಭಾಗಗಳ ಸೇವೆ ಮೊಟಕುಗೊಂಡಿತು. ಮಾನಸಿಕ ಆಘಾತಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರಿಗೆ ಇದರಿಂದ ಎರಡು ಬಗೆಯ ತೊಂದರೆಯಾಯಿತು. ಮೊದಲನೆಯದು, ಚಿಕಿತ್ಸಕರ ಬಳಿಗೆ ಹೋಗುವ ದಾರಿ ಮುಚ್ಚಿತು. ಎರಡನೆಯದು, ‘ಮನೆಯಲ್ಲೇ ಇರಿ, ಜನರಿಂದ ದೂರವಿರಿ’ ಎಂಬ ಸಾರ್ವಜನಿಕ ಸಲಹೆಯು, ‘ಹೊರಗೆ ಬನ್ನಿ, ಭಯವನ್ನು ಎದುರಿಸಿ’ ಎಂಬ ಚಿಕಿತ್ಸೆಯ ಸಲಹೆಗೆ ವಿರುದ್ಧವಾಗಿ ಕಂಡಿತು.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್-19 ಕುರಿತ ಜಾಗತಿಕ ತುರ್ತು ಪರಿಸ್ಥಿತಿಯನ್ನು ಮುಕ್ತಾಯಗೊಳಿಸಿತು. ಆದರೆ ಆ ದಿನಗಳಲ್ಲಿ ಆರಂಭವಾದ ಭಯ ಕೆಲವರಲ್ಲಿ ಇಂದಿಗೂ ಉಳಿದಿದೆ. ಮುಂದೆ ಯಾವುದೇ ಸಾಂಕ್ರಾಮಿಕ ರೋಗ ಹರಡಿದಾಗ ಚಿಕಿತ್ಸೆಯು ಮತ್ತೆ ನಡುವೆ ನಿಲ್ಲಬಾರದು. ಈ ಹಿನ್ನೆಲೆಯಲ್ಲಿ, ಸದರಿ ಚಿಕಿತ್ಸೆಯ ಸ್ವರೂಪ, ಸಾಂಕ್ರಾಮಿಕ ಕಾಲದಲ್ಲಿ ಮಾಡಿಕೊಳ್ಳಬೇಕಾದ ಮಾರ್ಪಾಡುಗಳು ಹಾಗೂ ಸೇವೆ ಪಡೆಯುವ ವಿಧಾನವನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ನಾಗರಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಮಾನಸಿಕ ಆಘಾತ ಎಂದರೇನು?

ಪ್ರಾಣಾಪಾಯ, ತೀವ್ರ ಗಾಯ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ, ಅಂತಹ ಘಟನೆಯನ್ನು ಕಣ್ಣಾರೆ ಕಂಡವರಲ್ಲಿ ಉಂಟಾಗುವ ಆಳವಾದ ನೋವು ಮತ್ತು ಭಯವನ್ನು ಮಾನಸಿಕ ಆಘಾತ ಎನ್ನಲಾಗುತ್ತದೆ. ಹೆದ್ದಾರಿಯ ಅಪಘಾತ, ಹೊಲದಲ್ಲಿ ಕರಡಿಯ ದಾಳಿ, ಬೆಂಕಿ ಅನಾಹುತ, ಮನೆಯೊಳಗಿನ ಹಿಂಸೆ, ತೀವ್ರ ನಿಗಾ ಘಟಕದಲ್ಲಿ ಉಸಿರಿಗಾಗಿ ಪರದಾಡಿದ ಅನುಭವ ಮುಂತಾದವು ಇದಕ್ಕೆ ಕಾರಣವಾಗಬಹುದು.

ಘಟನೆಯ ನಂತರದ ಮೊದಲ ಕೆಲವು ವಾರಗಳಲ್ಲಿ ನಿದ್ರೆ ಕೆಡುವುದು, ಬೆಚ್ಚಿಬೀಳುವುದು, ಅಳು ಬರುವುದು ಸಹಜ. ಬಹುಪಾಲು ಜನರು ಕುಟುಂಬ ಮತ್ತು ನೆರೆಹೊರೆಯವರ ಆಸರೆಯಿಂದ ಚೇತರಿಸಿಕೊಳ್ಳುತ್ತಾರೆ. ಕೆಳಕಂಡ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಮುಂದುವರಿದು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದಲ್ಲಿ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ (ಪಿ.ಟಿ.ಎಸ್.ಡಿ.) ಎಂದು ಶಂಕಿಸಿ ವೈದ್ಯರನ್ನು ಕಾಣುವುದು ಅವಶ್ಯಕ:

ಅ) ಘಟನೆಯು ಈಗಲೇ ನಡೆಯುತ್ತಿದೆಯೋ ಎಂಬಂತೆ ಕಣ್ಣೆದುರು ಬರುವುದು, ಪದೇ ಪದೇ ಕೆಟ್ಟ ಕನಸು ಬೀಳುವುದು.
ಆ) ಅದನ್ನು ನೆನಪಿಸುವ ಸ್ಥಳ, ವ್ಯಕ್ತಿ, ಶಬ್ದ ಹಾಗೂ ಮಾತುಗಳಿಂದ ತಪ್ಪಿಸಿಕೊಳ್ಳುವುದು.
ಇ) ‘ತಪ್ಪೆಲ್ಲ ನನ್ನದೇ’, ‘ಯಾರನ್ನೂ ನಂಬುವಂತಿಲ್ಲ’ ಎಂಬ ಭಾವನೆ, ಆಪ್ತರಿಂದಲೂ ದೂರವಾಗುವುದು.
ಈ) ಸದಾ ಎಚ್ಚರದಲ್ಲಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ವಿನಾಕಾರಣ ಸಿಟ್ಟು.

ಎಲ್ಲ ದುಃಖವೂ ಈ ಕಾಯಿಲೆಯಲ್ಲ ಎಂಬುದನ್ನು ಗಮನಿಸಬೇಕು. ಲಾಕ್‌ಡೌನ್ ಕಾಲದಲ್ಲಿ ನೇಯ್ದ ಸೀರೆ ಮಾರಾಟವಾಗದೆ ಸಾಲದ ಚಿಂತೆಗೆ ಸಿಲುಕಿದ ನೇಕಾರರ ಸಂಕಟ ನಿಜವಾದುದೇ. ಆದರೆ ಅದಕ್ಕೆ ಬೇಕಾದ ನೆರವು ಬೇರೆ. ಹತ್ತಿರದವರನ್ನು ಕಳೆದುಕೊಂಡ ಶೋಕಕ್ಕೂ ಬೇರೆಯ ರೀತಿಯ ಆರೈಕೆ ಬೇಕಾಗುತ್ತದೆ. ಯಾವುದು ಯಾವುದೆಂದು ತಿಳಿಯಲು ವೈದ್ಯಕೀಯ ತಪಾಸಣೆ ಅಗತ್ಯ.

3. ಎಕ್ಸ್‌ಪೋಷರ್ ಚಿಕಿತ್ಸೆ ಎಂದರೇನು?

ಭಯ ಹುಟ್ಟಿಸುವ ನೆನಪು ಮತ್ತು ಸನ್ನಿವೇಶಗಳನ್ನು, ತರಬೇತಿ ಪಡೆದ ಚಿಕಿತ್ಸಕರ ನೆರವಿನಿಂದ, ಸುರಕ್ಷಿತವಾಗಿ ಹಾಗೂ ಹಂತಹಂತವಾಗಿ ಎದುರಿಸುವ ಕ್ರಮವೇ ಎಕ್ಸ್‌ಪೋಷರ್ ಚಿಕಿತ್ಸೆ. ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಸಮಾಧಾನವಾಗುತ್ತದೆ; ಆದರೆ ‘ತಪ್ಪಿಸಿಕೊಂಡಿದ್ದರಿಂದಲೇ ಉಳಿದೆ’ ಎಂದು ಮನಸ್ಸು ನಂಬುವುದರಿಂದ ಭಯ ಹಾಗೆಯೇ ಉಳಿಯುತ್ತದೆ. ಸುರಕ್ಷಿತ ಸನ್ನಿವೇಶದಲ್ಲಿ ಸಾಕಷ್ಟು ಹೊತ್ತು ನಿಂತಾಗ, ನೆನಪು ನೋವು ಕೊಟ್ಟರೂ ಅಪಾಯ ಮಾಡುವುದಿಲ್ಲ ಎಂಬುದನ್ನು ಮನಸ್ಸು ಹೊಸದಾಗಿ ಕಲಿಯುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಎಡ್ನಾ ಫೋವಾ ಮತ್ತು ಸಹೋದ್ಯೋಗಿಗಳು ರೂಪಿಸಿದ ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ ವಿಧಾನವು ಇದರಲ್ಲಿ ಪ್ರಮುಖವಾದುದು. ಸಾಮಾನ್ಯವಾಗಿ 8ರಿಂದ 15 ಭೇಟಿಗಳಿದ್ದು, ಪ್ರತಿ ಭೇಟಿ ಸುಮಾರು 90 ನಿಮಿಷಗಳದ್ದಾಗಿರುತ್ತದೆ. ಇದರಲ್ಲಿ ನಾಲ್ಕು ಅಂಗಗಳಿವೆ:

ಅ) ಕಾಯಿಲೆಯ ಬಗ್ಗೆ ತಿಳಿವಳಿಕೆ ನೀಡುವುದು.
ಆ) ನಿಧಾನವಾಗಿ ಉಸಿರಾಡುವ ಅಭ್ಯಾಸ.
ಇ) ತಪ್ಪಿಸಿಕೊಳ್ಳುತ್ತಿರುವ, ಆದರೆ ವಾಸ್ತವದಲ್ಲಿ ಸುರಕ್ಷಿತವಾದ ಸ್ಥಳ ಮತ್ತು ಕೆಲಸಗಳತ್ತ ಹಂತಹಂತವಾಗಿ ಮರಳುವುದು.
ಈ) ಘಟನೆಯನ್ನು ಚಿಕಿತ್ಸಕರ ಎದುರು ಬಾಯಿಬಿಟ್ಟು ವಿವರಿಸುವುದು, ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳುವುದು, ಅನಂತರ ಅದರ ಅರ್ಥವನ್ನು ಕುರಿತು ಚರ್ಚಿಸುವುದು.

ಭಯದ ಪ್ರಮಾಣವನ್ನು 0ಯಿಂದ 100ರವರೆಗಿನ ಅಂಕದಲ್ಲಿ ರೋಗಿಯೇ ಹೇಳಬೇಕು. ಕಡಿಮೆ ಅಂಕದ ಮೆಟ್ಟಿಲಿನಿಂದ ಆರಂಭಿಸಿ ಮೇಲೇರಲಾಗುತ್ತದೆ. ರೋಗಿಯ ಒಪ್ಪಿಗೆಯಿಲ್ಲದೆ ಯಾವ ಮೆಟ್ಟಿಲನ್ನೂ ಏರಿಸುವಂತಿಲ್ಲ. ಮನೆಯವರು ಬಲವಂತವಾಗಿ ಅಪಘಾತದ ಸ್ಥಳಕ್ಕೆ ಕರೆದೊಯ್ದು ನಿಲ್ಲಿಸುವುದು ಚಿಕಿತ್ಸೆಯಲ್ಲ, ಅದರಿಂದ ಹಾನಿಯಾಗಬಹುದು.

4. ಸಾಂಕ್ರಾಮಿಕ ಕಾಲದಲ್ಲಿ ಎದುರಾದ ತೊಡಕುಗಳು

ಅ) ದೂರ: ಮೊಳಕಾಲ್ಮೂರು ಪಟ್ಟಣದಿಂದ ಜಿಲ್ಲಾ ಕೇಂದ್ರವಾದ ಚಿತ್ರದುರ್ಗವು ಸುಮಾರು 80 ಕಿ.ಮೀ. ದೂರದಲ್ಲಿದೆ. ಆಂಧ್ರಪ್ರದೇಶದ ಗಡಿಗೆ ಹೊಂದಿದ ಗ್ರಾಮಗಳವರಿಗೆ ಇದು ಇನ್ನೂ ಹೆಚ್ಚು. 2020ರ ಲಾಕ್‌ಡೌನ್ ಅವಧಿಯಲ್ಲಿ ಸಾರಿಗೆ ಬಸ್ಸುಗಳಿಲ್ಲದ ಕಾರಣ, ಪ್ರತಿ ವಾರದ ಭೇಟಿ ಅನೇಕರಿಗೆ ಅಸಾಧ್ಯವಾಗಿತ್ತು.

ಆ) ಅಭ್ಯಾಸಕ್ಕೆ ಸ್ಥಳವಿಲ್ಲದಿರುವುದು: ಬಸ್ ನಿಲ್ದಾಣ, ಸಂತೆ, ಜಾತ್ರೆ, ಚಿತ್ರಮಂದಿರ ಇವೇ ಅಭ್ಯಾಸದ ಸ್ಥಳಗಳು. ಅವೇ ಮುಚ್ಚಿದ್ದವು ಅಥವಾ ಅಲ್ಲಿಗೆ ಹೋಗುವುದು ಸೋಂಕಿನ ದೃಷ್ಟಿಯಿಂದ ಅಪಾಯಕರವಾಗಿತ್ತು.

ಇ) ಏಕಾಂತದ ಕೊರತೆ: ಮನೆಯವರೆಲ್ಲರೂ ಒಳಗೇ ಇದ್ದಾಗ, ಮನೆಗೊಂದೇ ಫೋನ್ ಇದ್ದಾಗ, ನೋವಿನ ಸಂಗತಿಯನ್ನು ಮಾತನಾಡುವುದು ಕಷ್ಟ. ಹಿಂಸೆ ನಡೆಸಿದವರೇ ಮನೆಯಲ್ಲಿದ್ದರೆ ಮಾತನಾಡುವುದೇ ಅಪಾಯ.

ಈ) ಸಾಂಕ್ರಾಮಿಕವೇ ನೆನಪಿನ ಕಿಡಿಯಾಗುವುದು: ಆಂಬ್ಯುಲೆನ್ಸ್‌ನ ಸದ್ದು, ಮುಖಗವಸು, ರಕ್ಷಣಾ ಉಡುಪು, ಸಾವಿನ ಸುದ್ದಿ ಇವು ಹಳೆಯ ಆಘಾತವನ್ನು ಕೆದಕಿದವು.

5. ಎಚ್ಚರಿಕೆ ಯಾವುದು, ತಪ್ಪಿಸಿಕೊಳ್ಳುವಿಕೆ ಯಾವುದು?

ಸಾಂಕ್ರಾಮಿಕ ಕಾಲದ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದ ವಿಷಯವಿದು. ಮನೆಯಿಂದ ಹೊರಬರದಿರುವ ವ್ಯಕ್ತಿ ಸೋಂಕಿಗೆ ಹೆದರಿ ಒಳಗಿರಬಹುದು, ಆಘಾತದ ನೆನಪಿಗೆ ಹೆದರಿಯೂ ಒಳಗಿರಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಮೊದಲನೆಯದು ಪ್ರಾಣ ಉಳಿಸುತ್ತದೆ. ಎರಡನೆಯದು ಕಾಯಿಲೆಯನ್ನು ಬೆಳೆಸುತ್ತದೆ. ಆ ದಿನಗಳಲ್ಲಿ ಕೆಲವರು ‘ಈಗ ನೆಮ್ಮದಿಯಾಗಿದ್ದೇನೆ, ಚಿಕಿತ್ಸೆ ಬೇಡ’ ಎಂದುಕೊಂಡಿರುವ ಸಾಧ್ಯತೆಯಿದೆ. ಭಯ ಹುಟ್ಟಿಸುವ ಸನ್ನಿವೇಶವೇ ಎದುರಾಗದಿದ್ದಾಗ ಹಾಗೆ ಅನಿಸುವುದು ಸಹಜ. ಅದು ಗುಣವಾದ ಲಕ್ಷಣವಲ್ಲ. ಈ ವ್ಯತ್ಯಾಸ ಅರಿಯಲು ಕೆಳಕಂಡ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು:

ಅ) ಈ ಎಚ್ಚರಿಕೆಯನ್ನು ಆರೋಗ್ಯ ಇಲಾಖೆಯು ಎಲ್ಲರಿಗೂ ಸೂಚಿಸಿದೆಯೇ? ಜನಸಂದಣಿಯಲ್ಲಿ ಮುಖಗವಸು ಧರಿಸುವುದು ಎಲ್ಲರಿಗೂ ಹೇಳಿದ ಸಲಹೆ. ಮನೆಯಂಗಳಕ್ಕೂ ಬರಬಾರದೆಂದು ಯಾರೂ ಸೂಚಿಸಿರಲಿಲ್ಲ.

ಆ) ಸೋಂಕಿನ ಅಪಾಯವೇ ಇಲ್ಲದ ವಿಷಯಗಳಿಂದಲೂ ತಪ್ಪಿಸಿಕೊಳ್ಳುತ್ತಿರುವೆನೇ? ಒಬ್ಬರೇ ಕುಳಿತಿರುವಾಗ ಬಸ್ಸಿನ ಹಾರ್ನ್ ಸದ್ದನ್ನು ಕೇಳಲಾಗದಿದ್ದರೆ ಅದಕ್ಕೂ ಸೋಂಕಿಗೂ ಸಂಬಂಧವಿಲ್ಲ.

ಇ) ಸೋಂಕು ಇಳಿದು ಇತರರು ಹೊರಬಂದ ನಂತರವೂ ನಾನು ಒಳಗೇ ಉಳಿದಿರುವೆನೇ?

ಮೊದಲ ಪ್ರಶ್ನೆಗೆ ‘ಹೌದು’ ಎಂದಾದರೆ ಆ ಎಚ್ಚರಿಕೆಯನ್ನು ಪಾಲಿಸತಕ್ಕದ್ದು. ಚಿಕಿತ್ಸೆಯ ಹೆಸರಿನಲ್ಲಿ ಅದನ್ನು ಕೈಬಿಡುವಂತಿಲ್ಲ. ಎರಡನೆಯ ಅಥವಾ ಮೂರನೆಯ ಪ್ರಶ್ನೆಗೆ ‘ಹೌದು’ ಎಂದಾದರೆ ಆ ವಿಷಯವನ್ನು ಚಿಕಿತ್ಸಕರಿಗೆ ತಿಳಿಸಬೇಕು. ಇದೇ ರೀತಿ, ಹೊರಗಿನಿಂದ ಬಂದು ಒಮ್ಮೆ ಸಾಬೂನಿನಿಂದ ಕೈತೊಳೆಯುವುದು ಎಚ್ಚರಿಕೆ. ಮನಸ್ಸಿನ ತಳಮಳ ಅಡಗಲೆಂದು ಚರ್ಮ ಸುಲಿಯುವಂತೆ ಮತ್ತೆ ಮತ್ತೆ ತೊಳೆಯುವುದು ಎಚ್ಚರಿಕೆಯಲ್ಲ.

6. ಚಿಕಿತ್ಸೆಯಲ್ಲಿ ಮಾಡಿಕೊಳ್ಳಬಹುದಾದ ಮಾರ್ಪಾಡುಗಳು

6.1 ದೂರವಾಣಿ ಮತ್ತು ವಿಡಿಯೋ ಮೂಲಕ ಭೇಟಿ

ಕೇಂದ್ರ ಸರ್ಕಾರವು 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿಗಳನ್ನು ಪ್ರಕಟಿಸಿದ್ದು, ನೋಂದಾಯಿತ ವೈದ್ಯರು ದೂರವಾಣಿ ಹಾಗೂ ವಿಡಿಯೋ ಮೂಲಕ ಸಮಾಲೋಚನೆ ನಡೆಸಲು ಸ್ಪಷ್ಟ ನಿಯಮಗಳು ದೊರೆತವು. ಅಮೆರಿಕದ ಮಾಜಿ ಯೋಧರಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನೆಯಲ್ಲಿದ್ದೇ ವಿಡಿಯೋ ಮೂಲಕ ಪಡೆದ ಎಕ್ಸ್‌ಪೋಷರ್ ಚಿಕಿತ್ಸೆಯು ಪಿ.ಟಿ.ಎಸ್.ಡಿ. ಲಕ್ಷಣಗಳನ್ನು ತಗ್ಗಿಸುವಲ್ಲಿ ಎದುರಾಎದುರು ಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ಕಂಡುಬಂದಿತು. ಆದುದರಿಂದ ದೂರದ ಚಿಕಿತ್ಸೆಯನ್ನು ಎರಡನೆಯ ದರ್ಜೆಯದೆಂದು ಭಾವಿಸಬೇಕಾಗಿಲ್ಲ.

ಪ್ರತಿ ಭೇಟಿಯ ಆರಂಭದಲ್ಲಿ ಕೆಳಕಂಡವುಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

• ರೋಗಿ ಆ ಹೊತ್ತಿನಲ್ಲಿ ಎಲ್ಲಿದ್ದಾರೆ ಎಂಬ ಪೂರ್ಣ ವಿಳಾಸ.
• ತುರ್ತು ಸಂದರ್ಭದಲ್ಲಿ ಸಂಪರ್ಕಿಸಬಹುದಾದ, ರೋಗಿಯೇ ಸೂಚಿಸಿದ ಒಬ್ಬ ಆಪ್ತರ ದೂರವಾಣಿ ಸಂಖ್ಯೆ.
• ಕರೆ ಕಡಿತವಾದಲ್ಲಿ ಯಾರು ಯಾರಿಗೆ ಮತ್ತೆ ಕರೆ ಮಾಡಬೇಕು ಎಂಬ ಒಪ್ಪಂದ.
• ಪಕ್ಕದಲ್ಲಿ ಯಾರಾದರೂ ಬಂದರೆ ಬಳಸಬೇಕಾದ ಗುರುತಿನ ಮಾತು. ‘ರೇಷನ್ ಬಂತೇ?’ ಎಂಬಂತಹ ಸಾಧಾರಣ ಮಾತನ್ನು ಮೊದಲೇ ಗೊತ್ತುಮಾಡಿಕೊಂಡರೆ, ಚಿಕಿತ್ಸಕರು ತಕ್ಷಣ ವಿಷಯ ಬದಲಿಸುತ್ತಾರೆ.

ವಿಡಿಯೋಗೆ ಬೇಕಾದಷ್ಟು ಸಂಕೇತ ಸಿಗದ ಗ್ರಾಮಗಳಲ್ಲಿ ಸಾಧಾರಣ ಕರೆಯ ಮೂಲಕವೂ ಚಿಕಿತ್ಸೆ ಮುಂದುವರಿಸಬಹುದು. 90 ನಿಮಿಷಗಳ ಏಕಾಂತ ಸಾಧ್ಯವಿಲ್ಲದಲ್ಲಿ ಕಡಿಮೆ ಅವಧಿಯ, ಆದರೆ ಹೆಚ್ಚು ಸಂಖ್ಯೆಯ ಭೇಟಿಗಳನ್ನು ನಿಗದಿಪಡಿಸಬಹುದು. ಧ್ವನಿಮುದ್ರಣವನ್ನು ಮನೆಯವರೆಲ್ಲ ಬಳಸುವ ಫೋನಿನಲ್ಲಿ ಇಡಬಾರದು. ಬೇರೆ ಫೋನ್ ಇಲ್ಲದಿದ್ದಲ್ಲಿ ಮುದ್ರಣದ ಬದಲಿಗೆ ಬೇರೆ ಅಭ್ಯಾಸವನ್ನು ಚಿಕಿತ್ಸಕರೊಡನೆ ಚರ್ಚಿಸಿ ಆರಿಸಿಕೊಳ್ಳಬೇಕು.

6.2 ಅಭ್ಯಾಸದ ಮೆಟ್ಟಿಲುಗಳ ಮಾರ್ಪಾಡು

ಉದಾಹರಣೆಗಾಗಿ, ಚಳ್ಳಕೆರೆ–ಬಳ್ಳಾರಿ ರಸ್ತೆಯಲ್ಲಿ ಬಸ್ ಅಪಘಾತಕ್ಕೆ ಸಿಲುಕಿ, ಅಂದಿನಿಂದ ವಾಹನವೇರಲು ಹೆದರುವ ವ್ಯಕ್ತಿಯೊಬ್ಬರಿದ್ದಾರೆ ಎಂದು ಭಾವಿಸೋಣ. ಸೋಂಕು ಹರಡಿರುವ ಕಾಲದಲ್ಲಿ ಅವರ ಮೆಟ್ಟಿಲುಗಳನ್ನು ಹೀಗೆ ಜೋಡಿಸಬಹುದು:

ಮೆಟ್ಟಿಲು 1 (ಭಯದ ಅಂಕ 30): ಮನೆಯಲ್ಲಿ ಕುಳಿತು ಬಸ್ಸಿನ ಚಿತ್ರಗಳನ್ನು ನೋಡುವುದು.
ಮೆಟ್ಟಿಲು 2 (40): ಎಂಜಿನ್, ಬ್ರೇಕ್ ಹಾಗೂ ಹಾರ್ನ್ ಸದ್ದುಗಳ ಮುದ್ರಣವನ್ನು ಕೇಳುವುದು.
ಮೆಟ್ಟಿಲು 3 (50): ಜನಸಂದಣಿಯಿಲ್ಲದ ಹೊತ್ತಿನಲ್ಲಿ, ರಸ್ತೆಯಿಂದ ಸುರಕ್ಷಿತ ಅಂತರದಲ್ಲಿ ನಿಂತು ವಾಹನಗಳನ್ನು ನೋಡುವುದು.
ಮೆಟ್ಟಿಲು 4 (60): ಮನೆಯವರ ನಿಂತ ವಾಹನದಲ್ಲಿ ಕುಳಿತುಕೊಳ್ಳುವುದು.
ಮೆಟ್ಟಿಲು 5 (70): ಮನೆಯವರೊಂದಿಗೆ ಅದೇ ವಾಹನದಲ್ಲಿ ಊರಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿಬರುವುದು.
ಮೆಟ್ಟಿಲು 6 (80): ನಿರ್ಬಂಧ ತೆರವಾದ ನಂತರ, ಸೂಚಿತ ಮುನ್ನೆಚ್ಚರಿಕೆಗಳೊಂದಿಗೆ ಚಳ್ಳಕೆರೆಯಿಂದ ತಳಕಿನವರೆಗೆ ಬಸ್ಸಿನಲ್ಲಿ ಹೋಗುವುದು.
ಮೆಟ್ಟಿಲು 7 (90): ಹಾನಗಲ್ ಮೂಲಕ ಮೊಳಕಾಲ್ಮೂರಿನವರೆಗೆ ಒಬ್ಬರೇ ಪ್ರಯಾಣಿಸುವುದು.

ಮೊದಲ ಐದು ಮೆಟ್ಟಿಲುಗಳಿಗೆ ಬಸ್ಸು ಓಡಬೇಕಾಗಿಲ್ಲ; ಅಂದರೆ ನಿರ್ಬಂಧದ ಅವಧಿಯಲ್ಲೂ ಚಿಕಿತ್ಸೆಯ ಬಹುಭಾಗ ಸಾಗಬಲ್ಲದು. ಭಯದ ಅಂಕ ಸಾಕಷ್ಟು ಇಳಿಯುವವರೆಗೆ, ಅಥವಾ ಚಿಕಿತ್ಸಕರು ಸೂಚಿಸಿದಷ್ಟು ಹೊತ್ತು, ಒಂದೊಂದು ಮೆಟ್ಟಿಲಿನಲ್ಲಿಯೂ ನಿಲ್ಲಬೇಕು. ಒಂದೇ ಮೆಟ್ಟಿಲನ್ನು ಹಲವು ದಿನ ಅಭ್ಯಾಸ ಮಾಡಬೇಕಾಗಬಹುದು. ಮೇಲಿನ ಅಂಕಗಳು ಉದಾಹರಣೆ ಮಾತ್ರ. ಪ್ರತಿಯೊಬ್ಬರ ಅಂಕಗಳೂ ಬೇರೆ.

6.3 ಸಾಂಕ್ರಾಮಿಕದಿಂದಲೇ ಆಘಾತಗೊಂಡವರಿಗೆ

ಆಸ್ಪತ್ರೆಯಲ್ಲಿ ತಾವೇ ಸಾವಿನ ಅಂಚಿಗೆ ಹೋಗಿಬಂದವರು, ಪಕ್ಕದ ಹಾಸಿಗೆಯ ಸಾವನ್ನು ಕಂಡವರು ಹಾಗೂ ಆ ದಿನಗಳಲ್ಲಿ ಕರ್ತವ್ಯ ನಿರ್ವಹಿಸಿದ ಶುಶ್ರೂಷಕರು, ಆಂಬ್ಯುಲೆನ್ಸ್ ಚಾಲಕರು, ಆಶಾ ಕಾರ್ಯಕರ್ತೆಯರು ಈ ಗುಂಪಿಗೆ ಸೇರುತ್ತಾರೆ. ಇವರು ಇಂದಿಗೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಚಿಕಿತ್ಸೆಯೂ ತಪ್ಪಿಹೋಗುತ್ತದೆ. ಇಂತಹವರಿಗೆ ಆಸ್ಪತ್ರೆಯ ಆವರಣವೇ ಕೊನೆಯ ಮೆಟ್ಟಿಲಾಗಬಹುದು. ಆದುದರಿಂದ ಮೊದಲ ಸಮಾಲೋಚನೆಯನ್ನು ದೂರವಾಣಿಯ ಮೂಲಕ ನಡೆಸುವುದು ಸೂಕ್ತ. ಬಂಧುವಿನ ಮುಖವನ್ನು ಕೊನೆಯ ಬಾರಿ ನೋಡಲಾಗದೆ, ಅಂತ್ಯಕ್ರಿಯೆಯನ್ನು ಸಂಪ್ರದಾಯದಂತೆ ನೆರವೇರಿಸಲಾಗದೆ ಉಳಿದವರಲ್ಲಿ ಭಯಕ್ಕಿಂತ ಅಪರಾಧ ಭಾವನೆಯೇ ಹೆಚ್ಚಿರಬಹುದು. ಅವರಿಗೆ ಭಯದ ಮೆಟ್ಟಿಲುಗಳಿಗಿಂತ, ‘ಅಂದು ನನ್ನ ಕೈಯಲ್ಲಿ ಏನಿತ್ತು, ಏನಿರಲಿಲ್ಲ’ ಎಂಬುದನ್ನು ಶಾಂತವಾಗಿ ವಿವೇಚಿಸಲು ಹೆಚ್ಚು ಸಮಯ ನೀಡಲಾಗುತ್ತದೆ.

7. ತಕ್ಷಣ ಈ ಚಿಕಿತ್ಸೆ ಆರಂಭಿಸಬಾರದ ಸಂದರ್ಭಗಳು

ಆತ್ಮಹತ್ಯೆಯ ಆಲೋಚನೆ ತೀವ್ರವಾಗಿರುವಾಗ, ಮನೆಯಲ್ಲಿ ಹಿಂಸೆ ಇನ್ನೂ ನಡೆಯುತ್ತಿರುವಾಗ, ಮದ್ಯಪಾನ ಹತೋಟಿ ಮೀರಿರುವಾಗ, ಇಲ್ಲದ ಧ್ವನಿಗಳು ಕೇಳಿಸುವಂತಹ ತೀವ್ರ ಮನೋರೋಗ ಹತೋಟಿಗೆ ಬಾರದಿರುವಾಗ ಮೊದಲು ಆಯಾ ತೊಂದರೆಗೆ ರಕ್ಷಣೆ ಮತ್ತು ಚಿಕಿತ್ಸೆ ಒದಗಿಸಬೇಕು. ನಿಜವಾದ ಅಪಾಯದ ನಡುವೆ ಇರುವವರಿಗೆ ‘ಹೆದರಬೇಡಿ’ ಎಂದು ಕಲಿಸುವುದು ಚಿಕಿತ್ಸೆಯಲ್ಲ. ವೈದ್ಯರ ಸಲಹೆಯಿಲ್ಲದೆ ನಿದ್ರೆಮಾತ್ರೆ ಸೇವಿಸುವುದನ್ನು, ನೆನಪು ಮರೆಯಲು ಮದ್ಯ ಸೇವಿಸುವುದನ್ನು ಮಾಡಬಾರದು.

8. ಸೇವೆ ಪಡೆಯುವ ವಿಧಾನ

ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ಪ್ರಯೋಗವೇ, 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರೋಗಿಯು ದೂರದ ನಗರಕ್ಕೆ ಹೋಗುವ ಬದಲು ಸೇವೆಯೇ ತಾಲ್ಲೂಕಿಗೆ ಬರಬೇಕೆಂಬುದು ಇದರ ಆಶಯ. ನಾಗರಿಕರು ಕೆಳಕಂಡ ಕ್ರಮ ಅನುಸರಿಸಬಹುದು:

ಹಂತ 1: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು, ಇಲ್ಲವೇ ಚಳ್ಳಕೆರೆ ಅಥವಾ ಮೊಳಕಾಲ್ಮೂರಿನ ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಕಾಣುವುದು. ಆಶಾ ಕಾರ್ಯಕರ್ತೆಯ ನೆರವನ್ನೂ ಪಡೆಯಬಹುದು.

ಹಂತ 2: ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆ ರೂಪಿಸಲಾಗಿದೆ. ತಜ್ಞರು ಬರುವ ದಿನವನ್ನು ಆಸ್ಪತ್ರೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಒಳಿತು.

ಹಂತ 3: ಎಕ್ಸ್‌ಪೋಷರ್ ಚಿಕಿತ್ಸೆಗೆ ವಿಶೇಷ ತರಬೇತಿ ಅಗತ್ಯವಿರುವುದರಿಂದ, ಚಿತ್ರದುರ್ಗದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಅಥವಾ ನಿಮ್ಹಾನ್ಸ್‌ಗೆ ಶಿಫಾರಸು ಪತ್ರ ನೀಡುವಂತೆ ವೈದ್ಯರನ್ನು ಕೋರಬಹುದು.

ಹಂತ 4: ಪ್ರಯಾಣ ಸಾಧ್ಯವಿಲ್ಲದವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದ ಜೊತೆಗೆ ತೆಲುಗಿನಲ್ಲಿಯೂ ಈ ಸೇವೆ ಇರುವುದರಿಂದ, ಮನೆಮಾತು ತೆಲುಗಾಗಿರುವ ಗಡಿಭಾಗದ ಕುಟುಂಬಗಳು ತಮ್ಮ ಭಾಷೆಯಲ್ಲಿಯೇ ಮಾತನಾಡಬಹುದು.

9. ದಾಖಲೆಗಳು, ಶುಲ್ಕ ಮತ್ತು ಹಕ್ಕುಗಳು

ಅ) ಹಿಂದಿನ ಚಿಕಿತ್ಸೆಯ ಚೀಟಿಗಳು, ಈಗ ಸೇವಿಸುತ್ತಿರುವ ಮಾತ್ರೆಗಳು, ಪಡಿತರ ಚೀಟಿ ಇದ್ದಲ್ಲಿ ತರುವುದು. ದಾಖಲೆ ಇಲ್ಲವೆಂದು ಆಸ್ಪತ್ರೆಗೆ ಬಾರದೆ ಉಳಿಯಬಾರದು.

ಆ) ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 18ನೇ ಪ್ರಕರಣದಂತೆ ಬಡತನ ರೇಖೆಗಿಂತ ಕೆಳಗಿರುವವರು, ಅದರ ಚೀಟಿ ಹೊಂದಿರದಿದ್ದರೂ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು.

ಇ) 23ನೇ ಪ್ರಕರಣದಂತೆ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ಚಿಕಿತ್ಸಕರ ಕರ್ತವ್ಯ. ದೂರವಾಣಿಯಲ್ಲಿ ಹೇಳಿದ ಮಾತಿಗೂ ಇದು ಅನ್ವಯಿಸುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಘಟನೆಯನ್ನು ಮತ್ತೆ ನೆನಪಿಸಿಕೊಂಡರೆ ಕಾಯಿಲೆ ಹೆಚ್ಚಾಗುವುದಿಲ್ಲವೇ?
ಉತ್ತರ: ಮೊದಲ ಕೆಲವು ಭೇಟಿಗಳ ನಂತರ ಕೆಲವರಿಗೆ ಸಂಕಟ ಸ್ವಲ್ಪ ಹೆಚ್ಚಾಗಬಹುದು, ಸಾಮಾನ್ಯವಾಗಿ ಅದು ತಾತ್ಕಾಲಿಕ. ಈ ಸಂಗತಿಯನ್ನು ಚಿಕಿತ್ಸಕರಿಗೆ ತಿಳಿಸಬೇಕೇ ಹೊರತು ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಪ್ರಶ್ನೆ: 2021ರಲ್ಲಿ ನಿಲ್ಲಿಸಿದ ಚಿಕಿತ್ಸೆಯನ್ನು ಈಗ ಮುಂದುವರಿಸಬಹುದೇ?
ಉತ್ತರ: ಮುಂದುವರಿಸಬಹುದು. ವರ್ಷಗಳು ಕಳೆದಿದ್ದರೂ ಈ ಚಿಕಿತ್ಸೆಯಿಂದ ಪ್ರಯೋಜನವಿದೆ. ಮೊದಲು ತಪಾಸಣೆ ನಡೆಸಿ, ಎಲ್ಲಿಂದ ಆರಂಭಿಸಬೇಕೆಂದು ನಿರ್ಧರಿಸಲಾಗುವುದು.

ಪ್ರಶ್ನೆ: ಮನೆಯವರು ಯಾವ ರೀತಿ ನೆರವಾಗಬಹುದು?
ಉತ್ತರ: ಒಂದು ಗಂಟೆಯ ಏಕಾಂತ ಒದಗಿಸುವುದು, ಅಭ್ಯಾಸಕ್ಕೆ ಕೇಳಿದಾಗ ಜೊತೆಗೆ ಬರುವುದು, ‘ಎಲ್ಲ ಮರೆತುಬಿಡು’ ಎಂದು ಒತ್ತಾಯಿಸದಿರುವುದು. ದೇವಸ್ಥಾನಕ್ಕೆ ಹೋಗುವುದು, ಹರಕೆ ತೀರಿಸುವುದು ರೋಗಿಗೆ ನೆಮ್ಮದಿ ನೀಡುವುದಾದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಬಿಡಬಾರದು.

11. ತುರ್ತು ದೂರವಾಣಿ ಸಂಖ್ಯೆಗಳು

ಟೆಲಿ-ಮಾನಸ್: 14416
ಆಂಬ್ಯುಲೆನ್ಸ್: 108
ತುರ್ತು ಸ್ಪಂದನ: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098

ವಿಶೇಷ ಸೂಚನೆ: ಈ ಪುಟದ ಮಾಹಿತಿಯು ತಿಳಿವಳಿಕೆಗಾಗಿ ಮಾತ್ರ, ಇದನ್ನು ಓದಿ ಸ್ವತಃ ಚಿಕಿತ್ಸೆ ಮಾಡಿಕೊಳ್ಳಬಾರದು. ಪ್ರಾಣ ಕಳೆದುಕೊಳ್ಳುವ ಆಲೋಚನೆ ಬಂದಲ್ಲಿ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ, ಕೂಡಲೇ ಮೇಲ್ಕಂಡ ಸಂಖ್ಯೆಗೆ ಕರೆ ಮಾಡತಕ್ಕದ್ದು ಅಥವಾ ಸಮೀಪದ ಆಸ್ಪತ್ರೆಗೆ ತೆರಳತಕ್ಕದ್ದು. ಸೋಂಕಿನ ನಿರ್ಬಂಧಗಳು ಜಾರಿಯಲ್ಲಿದ್ದರೂ ಮಾನಸಿಕ ತುರ್ತು ಸ್ಥಿತಿಗೆ ಚಿಕಿತ್ಸೆ ಪಡೆಯುವುದನ್ನು ಮುಂದೂಡಬಾರದು.